ಪ್ರೊಸೆಸರ್ ಕಂಪನಿಗಳ ದರ ಪೈಪೋಟಿಯ ಲಾಭ ನಮ್ಮೂರ ಅಂಗಡಿಗೆ ಏಕೆ ಬರುವುದಿಲ್ಲ?

ಪ್ರಶ್ನೆ: ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳಿಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕಿದೆ. ಇಂಟೆಲ್ ಮತ್ತು ಎಎಂಡಿ ಪೈಪೋಟಿಯಿಂದ ಬೆಲೆ ಇಳಿಸುತ್ತಿವೆ ಎಂದು ಓದುತ್ತೇವೆ, ಅಂಗಡಿಯಲ್ಲಿ ಮಾತ್ರ ಹಳೆಯ ದರವನ್ನೇ ಹೇಳುತ್ತಾರೆ. ಇನ್ನಷ್ಟು ದಿನ ಕಾಯಬೇಕೇ? (ತೀರ್ಥಹಳ್ಳಿಯ ಓದುಗರೊಬ್ಬರು)

ಉತ್ತರ: ಪೈಪೋಟಿಯಿಂದ ಬೆಲೆ ಇಳಿಯುವುದು ನಿಜ. ಆದರೆ ಯಾರು ಇಳಿಸುತ್ತಾರೆ, ಯಾವಾಗ ಇಳಿಸುತ್ತಾರೆ ಎಂಬುದನ್ನು ಗಮನಿಸಬೇಕು. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ಗಳ (ಪ್ರೊಸೆಸರ್‌ನೊಳಗೆ ಏಕಕಾಲಕ್ಕೆ ಕೆಲಸ ಮಾಡುವ ಘಟಕಗಳು) ರೈಜನ್ 7 1800ಎಕ್ಸ್ ಎಂಬ ಪ್ರೊಸೆಸರ್ ಅನ್ನು 499 ಡಾಲರ್‌ಗೆ ಬಿಡುಗಡೆ ಮಾಡಿದಾಗ, ಇಂಟೆಲ್‌ನ ಎಂಟು ಕೋರ್‌ಗಳ ಪ್ರೊಸೆಸರ್‌ಗೆ ಸಾವಿರ ಡಾಲರ್‌ಗೂ ಹೆಚ್ಚು ಕೊಡಬೇಕಿತ್ತು. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ವರ್ಷಗಟ್ಟಲೆ ನಾಲ್ಕು ಕೋರ್‌ಗಳಲ್ಲೇ ನಿಂತಿದ್ದ ಇಂಟೆಲ್ ಅದೇ ವರ್ಷ ಆರು ಕೋರ್‌ಗಳನ್ನು ಕೊಟ್ಟಿತು. 2019ರಲ್ಲಿ ಹದಿನೆಂಟು ಕೋರ್‌ಗಳ ತನ್ನ ದುಬಾರಿ ಪ್ರೊಸೆಸರ್‌ನ ಹೊಸ ಆವೃತ್ತಿಯನ್ನು ಹಿಂದಿನ 1,979 ಡಾಲರ್‌ಗೆ ಬದಲಾಗಿ 979 ಡಾಲರ್‌ಗೆ ತಂದಿತು.

ಮರುವರ್ಷವೇ ಪರಿಸ್ಥಿತಿ ತಿರುವುಮುರುವಾಯಿತು. ವೇಗದಲ್ಲಿ ಮುಂದೆ ಬಂದ ಎಎಂಡಿ, ರೈಜನ್ 5 5600ಎಕ್ಸ್‌ಗೆ ಹಿಂದಿನ ತಲೆಮಾರಿಗಿಂತ 50 ಡಾಲರ್ ಏರಿಸಿ 299 ಡಾಲರ್ ನಿಗದಿಪಡಿಸಿತು. 2022ರ ಆರಂಭದಲ್ಲಿ ಇಂಟೆಲ್ 200 ಡಾಲರ್ ಒಳಗೆ ಕೋರ್ ಐ5 12400 ಅನ್ನು ತಂದ ಮೇಲೆಯೇ ಎಎಂಡಿಯಿಂದ 199 ಡಾಲರ್‌ನ ರೈಜನ್ 5 5600 ಬಂದದ್ದು. ಬೆಲೆ ಇಳಿಸುವುದು ಆ ಹೊತ್ತಿಗೆ ಹಿಂದೆ ಬಿದ್ದವರೇ ಹೊರತು, ಮುಂದಿದ್ದವರಿಗೆ ಅದರ ದರ್ದಿಲ್ಲ. ಆದ್ದರಿಂದ ಎರಡು ಕಂಪನಿಗಳೂ ಗಟ್ಟಿಯಾಗಿ ನಿಲ್ಲುವುದು ಕೊಳ್ಳುವವರಿಗೆ ಬಹಳ ಮುಖ್ಯ ಎಂದು ನಾನು ನಂಬುತ್ತೇನೆ.

ಇನ್ನು ನಮ್ಮೂರಿನ ದರ. ಮೇಲಿನವೆಲ್ಲ ತೆರಿಗೆ ಸೇರದ ಡಾಲರ್ ದರಗಳು. ಇಲ್ಲಿ ರೂಪಾಯಿಯ ವಿನಿಮಯ ದರದ ಜೊತೆಗೆ ಶೇ 18 ಜಿಎಸ್‌ಟಿ, ಸಾಗಣೆ ವೆಚ್ಚ ಮತ್ತು ವ್ಯಾಪಾರಿಗಳ ಲಾಭ ಸೇರುತ್ತವೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಧಾರಣೆ ಕುಸಿದ ದಿನ, ಹೆಚ್ಚಿನ ದರಕ್ಕೆ ಕೊಂಡು ದಾಸ್ತಾನು ಮಾಡಿದವರು ಮಾರಲು ಹಿಂದೇಟು ಹಾಕುವಂತೆಯೇ, ಹಳೆಯ ದರಕ್ಕೆ ಮಾಲು ತರಿಸಿದ ಕಂಪ್ಯೂಟರ್ ಅಂಗಡಿಯವರೂ ಅಸಲು ಬಿಟ್ಟು ಮಾರಲಾರರು. ಅದು ಖರ್ಚಾಗಿ ಹೊಸ ಮಾಲು ಬಂದಾಗ ದರ ಸರಿಹೋಗುತ್ತದೆ. ಅಂಗಡಿಯವರ ಮೇಲೆ ಅನುಮಾನ ಪಡಬೇಕಾಗಿಲ್ಲ.

ಕಾಯುವುದಕ್ಕಿಂತ ಪೂರ್ತಿ ಸೆಟ್ಟಿನ ಲೆಕ್ಕ ಹಾಕುವುದು ಮೇಲು. ಎಎಂಡಿಯ ಹೊಸ ಪ್ರೊಸೆಸರ್‌ಗಳು ಕೂರುವ ಎಎಂ5 ಮದರ್‌ಬೋರ್ಡ್‌ಗೆ ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಹಳೆಯ ಬಗೆಯ ಡಿಡಿಆರ್4 ರ‍್ಯಾಮ್ ಹೊಂದುವ ಬೋರ್ಡ್‌ಗಳೂ ಇವೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಮತ್ತು ಮೇಲೆ ಹೇಳಿದ ರೈಜನ್ 5 5600 ಅಗ್ಗವೆನಿಸಿದರೂ, ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ ಪ್ರತ್ಯೇಕ ಕಾರ್ಡ್ ಹಾಕಿಸದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಪ್ರೊಸೆಸರ್‌ನಲ್ಲಿ ಉಳಿದ ಹಣ ಅಲ್ಲಿ ಹೋಗುತ್ತದೆ.

ಮಗಳ ಓದಿಗೆ ಈಗಲೇ ಬೇಕಿದ್ದರೆ ಈಗಲೇ ಕೊಳ್ಳಿರಿ. ಒಂದೇ ದಿನ ಎರಡು ಅಂಗಡಿಗಳಲ್ಲಿ, ಒಂದು ಇಂಟೆಲ್‌ಗೆ ಮತ್ತೊಂದು ಎಎಂಡಿಗೆ, ಅಷ್ಟೇ ರ‍್ಯಾಮ್ ಮತ್ತು ಅಷ್ಟೇ ಎಸ್‌ಎಸ್‌ಡಿ ಇರುವಂತೆ ಜಿಎಸ್‌ಟಿ ಸೇರಿಸಿದ ಕೊಟೇಶನ್ ಬರೆಸಿಕೊಂಡು ಕೊನೆಯ ಮೊತ್ತವನ್ನು ಹೋಲಿಸಿ ನೋಡಿ.