ಕಪ್ಪು ಪರದೆಯಲ್ಲಿ ಅಡಗಿದ ಚಿತ್ರ

ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ ಕಣ್ಣು ತುಂಬಿಕೊಂಡು ಬಂದಳು. "ಅಂಕಲ್, ಮಾನಿಟರ್ ಹೋಯ್ತು. ರಿಪೇರಿ ಅಂಗಡಿಗೆ ಫೋನ್ ಮಾಡಿದ್ರೆ ಹೊಸದೇ ತಗೊಳ್ಳಿ ಅಂದ್ರು." ಹೋಗಿ ನೋಡಿದೆ. ಗುಂಡಿಯ ಪಕ್ಕದ ಪುಟ್ಟ ನೀಲಿ ದೀಪ ಉರಿಯುತ್ತಿತ್ತು, ಸಿಪಿಯು ಫ್ಯಾನ್ ತಿರುಗುತ್ತಿತ್ತು. ಪರದೆ ಮಾತ್ರ ಕಾಡಿಗೆಯಷ್ಟು ಕಪ್ಪು. ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿದೆ. ಅಂಗೈಯಗಲದ ಆ ಬೆಳಕಿನಲ್ಲಿ ಮಸುಕು ಮಸುಕಾಗಿ ರೀಸೈಕಲ್ ಬಿನ್ ಕಂಡಿತು, ಅದರ ಕೆಳಗೇ ಅವಳ ಪ್ರಾಜೆಕ್ಟ್ ಫೋಲ್ಡರ್!

ಚಿತ್ರ ಎಲ್ಲಿಗೂ ಹೋಗಿರಲಿಲ್ಲ. ಆರಿದ್ದು ಹಿಂದಿನ ದೀಪ.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ತೊಗಲುಗೊಂಬೆಯಾಟ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಪರದೆಯ ಹಿಂದೆ ದೀಪ, ಮುಂದೆ ಬಣ್ಣದ ನೆರಳು. ದೀಪ ಆರಿದರೂ ಗೊಂಬೆಯವರ ಕೈ ಆಡುತ್ತಲೇ ಇರಬಹುದು, ನಮಗೆ ಕಾಣುವುದಿಲ್ಲ ಅಷ್ಟೆ. ಮಾನಿಟರಿನಲ್ಲಿ ಆ ದೀಪ ಎಂದರೆ ಸಾಲಾಗಿ ಪೋಣಿಸಿದ ಎಲ್‌ಇಡಿಗಳು. ಹಬ್ಬದ ಸರದೀಪದಂತೆ, ಒಂದು ಕೆಟ್ಟು ಸಂಪರ್ಕ ಕಡಿದರೆ ಇಡೀ ಸಾಲು ಆರುತ್ತದೆ.

ಗೊಂಬೆಯ ಕೆಲಸ ಮಾಡುವುದು ದ್ರವಸ್ಫಟಿಕ, ಅಂದರೆ ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಸಾಲುಗಟ್ಟಿರುವ ವಸ್ತು. ಎಲ್‌ಸಿಡಿಯ 'ಲಿಕ್ವಿಡ್ ಕ್ರಿಸ್ಟಲ್' ಇದೇ. ಎರಡು ಪೋಲರೈಸರ್ ಹಾಳೆಗಳ ನಡುವೆ, ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಪಾಲು ದಪ್ಪದ ಪದರ. ಮೊದಲ ಹಾಳೆ ಅಡ್ಡ ಕಂಪಿಸುವ ಬೆಳಕನ್ನಷ್ಟೇ ಬಿಟ್ಟರೆ ಎರಡನೆಯದು ಉದ್ದ ಕಂಪಿಸುವುದನ್ನು ಮಾತ್ರ ಬಿಡುತ್ತದೆ. ಸುಮ್ಮನಿದ್ದರೆ ಬೆಳಕು ದಾಟುವಂತೆಯೇ ಇಲ್ಲ. ಆದರೆ ನಡುವಿನ ಅಣುಗಳು ಸುರುಳಿ ಮೆಟ್ಟಿಲಿನಂತೆ ಕಾಲು ಸುತ್ತು ತಿರುಗಿ ನಿಂತಿರುತ್ತವೆ. ಆ ಮೆಟ್ಟಿಲು ಹತ್ತುತ್ತಾ ಬೆಳಕೂ ತಿರುಗಿ ಆಚೆ ದಾಟುತ್ತದೆ. ವೋಲ್ಟೇಜ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಮೆಟ್ಟಿಲು ಕಳಚುತ್ತದೆ, ಆ ಚುಕ್ಕೆ ಕಪ್ಪಾಗುತ್ತದೆ. ಬೇರೆ ಬಗೆಯ ಪ್ಯಾನೆಲ್‌ಗಳಲ್ಲಿ ಅಣುಗಳು ತಿರುಗುವ ರೀತಿ ಬೇರೆ, ಬೆಳಕನ್ನು ಬೇಕಾದಂತೆ ತಡೆಯುವ, ದಾಟಿಸುವ ತತ್ತ್ವ ಒಂದೇ. ನನ್ನ ಟಾರ್ಚಿನ ಬೆಳಕು ಇದೇ ದಾರಿಯಲ್ಲಿ ಒಳಹೊಕ್ಕು, ಹಿಂದಿನ ಬಿಳಿ ಹಾಳೆಗೆ ತಾಗಿ ಮರಳಿ ಬಂದಿತ್ತು. ಅಂಗಡಿಯ ಕ್ಯಾಲ್ಕುಲೇಟರ್ ದೀಪವಿಲ್ಲದೆ ಅಂಕಿ ತೋರಿಸುವುದೂ ಹೀಗೆಯೇ.

ಈ ವಿಚಿತ್ರ ವಸ್ತು ಮೊದಲು ಕಣ್ಣಿಗೆ ಬಿದ್ದದ್ದು 1888ರಲ್ಲಿ, ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಸರ್‌ಗೆ. ಕೊಲೆಸ್ಟರಾಲ್‌ನಿಂದ ಮಾಡಿದ ಒಂದು ಸಂಯುಕ್ತ 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ಉದ್ದ ಕಡ್ಡಿಯಂಥ ಅಣುಗಳಷ್ಟೇ ಹೀಗೆ ವರ್ತಿಸುತ್ತವೆ ಎಂದು ಬಹುಕಾಲ ನಂಬಿದ್ದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ನಾಣ್ಯ ಪೇರಿಸಿದಂತೆ ಕಂಬಗಟ್ಟಿ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಮುಂದೆ ಬಿಲ್ಲೆ ಅಣುಗಳ ಪೊರೆಗಳು ಪರದೆಯನ್ನು ಪಕ್ಕದಿಂದ ನೋಡಿದರೂ ಚೆನ್ನಾಗಿ ಕಾಣುವಂತೆ ಮಾಡಲು ಬಳಕೆಯಾದವು. ನಮ್ಮೂರಿನ ಈ ಕೆಲಸವನ್ನು ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ!

ದಯವಿಟ್ಟು ಮಾನಿಟರಿನ ತಲೆಗೆ ತಟ್ಟಬೇಡಿ. ಅದು ಹಳೇ ಡಬ್ಬಾ ಟಿವಿಯ ಕಾಲದ ಅಭ್ಯಾಸ. ಆಗ ಸಡಿಲವಾದ ಬೆಸುಗೆ ಕ್ಷಣಕಾಲ ಕೂಡಿಕೊಳ್ಳುತ್ತಿತ್ತು, ಈಗ ಗಾಜು ಒಡೆಯುತ್ತದೆ. ಹಿಂಬದಿ ಬಿಚ್ಚುವ ಸಾಹಸವೂ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಪರದೆ ಬೆಳಗಿ 'ನೋ ಸಿಗ್ನಲ್' ಎಂದು ಬಂದರೆ ಕಥೆ ಬೇರೆ. ಆ ಅಕ್ಷರಗಳನ್ನು ಮಾನಿಟರ್ ತಾನೇ ಬರೆದದ್ದು, ಅಂದರೆ ದೀಪವೂ ಸ್ಫಟಿಕವೂ ಸರಿಯಿವೆ. ಆಗ ಕೇಬಲ್ ಬದಲಿಸಿ ನೋಡಬೇಕು. ಸಿಪಿಯುವಿನಲ್ಲಿ ಚಿತ್ರ ಮೂಡಿಸಲೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಸಿಕ್ಕಿಸಿದೆಯೇ ನೋಡಬೇಕು. ಆಮೇಲೆ ಸಿಪಿಯುವಿನ ಪ್ಲಗ್ ಕಿತ್ತು, ಅದರೊಳಗಿನ ಮೆಮೊರಿ ಪಟ್ಟಿ ಅಂದರೆ ರ್‍ಯಾಮ್ ತೆಗೆದು ಮತ್ತೆ ಕೂರಿಸಬೇಕು.

ಅವತ್ತು ರಾತ್ರಿ ಹುಡುಗಿಯ ಸಿಪಿಯು ಹೊತ್ತು ಹಾಲ್‌ಗೆ ತಂದು, ಎಚ್‌ಡಿಎಂಐ ಕೇಬಲ್ಲನ್ನು ಟಿವಿಗೆ ಸಿಕ್ಕಿಸಿದೆವು. ಫೋಲ್ಡರ್ ಅಲ್ಲೇ ಇತ್ತು. ಮರುವಾರ ಮತ್ತೊಬ್ಬ ಮೆಕ್ಯಾನಿಕ್ ಎಲ್‌ಇಡಿ ಪಟ್ಟಿಯನ್ನಷ್ಟೇ ಬದಲಿಸಿಕೊಟ್ಟರು.