ಇಬ್ಬರಿಗೂ ಅದೇ ನಷ್ಟ, ಇವರೊಬ್ಬರೇ ಏಕೆ ಮಂಕಾದರು?

ಪ್ರಶ್ನೆ: ನಮ್ಮ ಮನೆಯವರೂ ಮೈದುನನೂ ಅಕ್ಕಪಕ್ಕದ ಹೊಲಗಳಲ್ಲಿ ಟೊಮೆಟೊ ಹಾಕಿದ್ದರು. ಇಬ್ಬರದೂ ಕೈಕೊಟ್ಟಿತು. ಸಾಲವೂ ಹೆಚ್ಚುಕಡಿಮೆ ಒಂದೇ. ಮೈದುನ ಎರಡು ತಿಂಗಳಲ್ಲಿ ಚೇತರಿಸಿಕೊಂಡು ಬೀನ್ಸ್ ಹಾಕಿದ್ದಾನೆ. ಇವರು ಮಾತ್ರ ಹೊಲದ ಕಡೆ ತಲೆ ಹಾಕುತ್ತಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ, ಊಟ ಸೇರುವುದಿಲ್ಲ, ತಲೆಭಾರ ಎನ್ನುತ್ತಾರೆ. ‘ಕಷ್ಟ ಯಾರಿಗಿಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಲಿ’ ಎಂದು ಅತ್ತೆ ಹೇಳುತ್ತಾರೆ. ಇದು ಕಾಯಿಲೆಯೇ, ಧೈರ್ಯ ಸಾಲದ್ದೇ?
– ಓದುಗರೊಬ್ಬರು, ಮುಳಬಾಗಿಲು ತಾಲ್ಲೂಕು

ಉತ್ತರ: ಊರು, ಬೆಳೆ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಶಿಡ್ಲಘಟ್ಟದಿಂದ ಬಂದರೆ ರೇಷ್ಮೆಗೂಡು, ಚಿಂತಾಮಣಿಯಿಂದ ಬಂದರೆ ಬತ್ತಿದ ಕೊಳವೆಬಾವಿ. ನಿಮ್ಮ ಅತ್ತೆಯವರ ಮಾತಿನಲ್ಲಿ ಸುಳ್ಳೇನೂ ಇಲ್ಲ, ಕಷ್ಟ ಎಲ್ಲರಿಗೂ ಇದೆ. ಹಾಗಿದ್ದೂ ಕೆಲವರಷ್ಟೇ ಖಿನ್ನತೆಗೆ ಕುಸಿಯುವುದೇಕೆ ಎಂಬುದನ್ನು ಸಂಶೋಧಕರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕೆದಕುತ್ತಿದ್ದಾರೆ.

ಮೊದಲು ಅವರು ಹಿಡಿದದ್ದು ಲೆಕ್ಕದ ದಾರಿ. ಅಮೆರಿಕದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಬದುಕಿನ 43 ಘಟನೆಗಳಿಗೆ, ಅವು ತರುವ ಒತ್ತಡಕ್ಕೆ ತಕ್ಕಂತೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ಮದುವೆಗೆ 50. ಅದನ್ನು ನಮ್ಮ ದೇಶಕ್ಕೆ ಹೊಂದಿಸಿ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 1984ರಲ್ಲಿ 51 ಘಟನೆಗಳ ಪಟ್ಟಿ ಪ್ರಕಟಿಸಿದರು. ಸಂಗಾತಿಯ ಸಾವಿಗೆ ಇಲ್ಲಿ 95. ಉಳಿದ ಸಾಲುಗಳನ್ನು ಓದಿದರೆ ನಮ್ಮದೇ ಕೇರಿಯ ಜಗಲಿಯ ಮೇಲೆ ಕುಳಿತು ಬರೆದಂತಿದೆ: ಬೆಳೆ ಅಥವಾ ಆಸ್ತಿ ಹಾಳಾಗುವುದು, ದೊಡ್ಡ ಸಾಲ, ಮಗಳ ಅಥವಾ ತಂಗಿಯ ಮದುವೆ, ವರದಕ್ಷಿಣೆಯ ಜಗಳ, ಗಂಡು ಮಗುವಿಲ್ಲದಿರುವುದು. ಪಟ್ಟಿ ಚೆನ್ನಾಗಿದೆ. ಆದರೆ ಅದನ್ನು ಹಿಡಿದು ನಿಮ್ಮ ಮನೆಗೆ ಬಂದರೆ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಅಂಕ ಬೀಳುತ್ತದೆ, ನಿಮ್ಮ ಪ್ರಶ್ನೆ ಇದ್ದಲ್ಲಿಯೇ ಉಳಿಯುತ್ತದೆ.

ದಾರಿ ಬದಲಿಸಿದವರು ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್. ನಗರದ ದಕ್ಷಿಣಕ್ಕಿರುವ ಕ್ಯಾಂಬರ್‌ವೆಲ್ ಎಂಬ ಬಡಾವಣೆಯ ಹೆಂಗಸರ ಎದುರು ಕುಳಿತು, ಏನಾಯಿತು ಎಂಬುದರ ಜೊತೆಗೆ ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆದಿತ್ತು, ಯಾರಿದ್ದರು, ಮುಂದಿನ ದಾರಿ ಕಾಣುತ್ತಿತ್ತೇ ಎಂದೆಲ್ಲ ವಿಚಾರಿಸಿದರು. 1978ರಲ್ಲಿ ಅವರು ಮುಂದಿಟ್ಟ ಚಿತ್ರ ಇಂದಿಗೂ ಮುಕ್ಕಾಗಿಲ್ಲ. ಖಿನ್ನತೆಗೆ ಒಳಗಾದ ಬಹುಪಾಲು ಹೆಂಗಸರ ಹಿಂದಿನ ತಿಂಗಳುಗಳಲ್ಲಿ ಒಂದು ದೊಡ್ಡ ಪೆಟ್ಟು ಅಥವಾ ಬಗೆಹರಿಯದ ತಾಪತ್ರಯ ಇತ್ತು. ಆದರೆ ಪೆಟ್ಟು ತಿಂದವರಲ್ಲೆಲ್ಲ ಖಿನ್ನತೆ ಬಂದದ್ದು ಐವರಲ್ಲಿ ಸುಮಾರು ಒಬ್ಬರಿಗೆ. ಆ ಒಬ್ಬರ ಬದುಕಿನಲ್ಲಿ ಹೆಚ್ಚಾಗಿ ಕಂಡ ಅಂಶಗಳು ನಾಲ್ಕು: ಮನೆಯಲ್ಲಿ ಹದಿನಾಲ್ಕು ವರ್ಷದೊಳಗಿನ ಮೂರೋ ಹೆಚ್ಚೋ ಮಕ್ಕಳು, ಹೊರಗೆ ದುಡಿಮೆ ಇಲ್ಲದಿರುವುದು, ಹನ್ನೊಂದು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡದ್ದು, ಮತ್ತು ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬ ಆಪ್ತರೂ ಇಲ್ಲದಿರುವುದು. ಕೊನೆಯದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

1995ರಲ್ಲಿ ಬ್ರೌನ್ ತಂಡ ಇನ್ನೊಂದು ವಿಷಯ ತೋರಿಸಿತು. ಕಳೆದುಕೊಂಡ ದುಃಖವೊಂದೇ ಇದ್ದಾಗಿನದಕ್ಕಿಂತ, ಅದರ ಜೊತೆಗೆ ಅವಮಾನವೂ ಸಿಕ್ಕಿಹಾಕಿಕೊಂಡೆನೆಂಬ ಭಾವವೂ ಸೇರಿದಾಗ ಖಿನ್ನತೆಯ ಸಾಧ್ಯತೆ ಹೆಚ್ಚು. ಆ ಅಧ್ಯಯನವೂ ಹೆಂಗಸರದ್ದೇ. ಆದರೆ ನನಗೆ ಅದನ್ನು ಓದುವಾಗಲೆಲ್ಲ ನಮ್ಮ ಟೊಮೆಟೊ ಮಂಡಿಯೇ ಕಣ್ಣ ಮುಂದೆ ಬರುತ್ತದೆ. ರಾತ್ರಿಯೆಲ್ಲ ಟೆಂಪೊದಲ್ಲಿ ಹೇರಿ ತಂದ 15 ಕೆ.ಜಿ. ಬಾಕ್ಸ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹರಾಜು ಕೂಗುವವರು ಒಂದು ಸಾಲನ್ನು ಅರೆ ನಿಮಿಷದಲ್ಲಿ ದಾಟಿ ಹೋಗುತ್ತಾರೆ. ಕೊಯ್ದವರ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಎಲ್ಲ ಕಳೆದ ಮೇಲೆ ಚೀಟಿಯಲ್ಲಿ ಉಳಿದ ಮೊತ್ತವನ್ನು ನೋಡಿದವನು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಮನೆಗೆ ಬಂದ ಮೇಲೂ ಅದನ್ನು ಯಾರಿಗೂ ತೋರಿಸುವುದಿಲ್ಲ. 2023ರ ಜುಲೈನಲ್ಲಿ ಇದೇ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು ಎಂಬ ನೆನಪು ಬೇರೆ ಚುಚ್ಚುತ್ತಿರುತ್ತದೆ: ಪಕ್ಕದವನಿಗೆ ಕೂಡಿಬಂದದ್ದು ತನಗೇಕೆ ಬರಲಿಲ್ಲ?

ನಿಮ್ಮ ಮನೆಯವರು ಹಿರಿಯರು. ಮೈದುನನಿಗೆ ‘ಅಣ್ಣ ಇದ್ದಾನೆ’ ಎಂಬ ಒಂದು ಗೋಡೆ ಇದೆ, ಅಣ್ಣನಿಗೆ ಒರಗಲು ಯಾರೂ ಇಲ್ಲ. ಊರಿನ ಎದುರು ಸಾಲಕ್ಕೆ ಮಾತು ಕೊಟ್ಟವರು ಯಾರು, ತಂಗಿಯ ಮದುವೆಗೋ ಮಗನ ಕಾಲೇಜಿಗೋ ಒಪ್ಪಿಕೊಂಡವರು ಯಾರು, ವಸೂಲಿಗೆ ಬಂದವರು ಬೀದಿಯಲ್ಲಿ ನಿಂತು ಕೂಗಿದ್ದು ಯಾರ ಹೆಸರನ್ನು? ನಷ್ಟದ ಲೆಕ್ಕ ಇಬ್ಬರಿಗೂ ಒಂದೇ ಇರಬಹುದು, ಕಳೆದುಕೊಂಡದ್ದು ಒಂದೇ ಅಲ್ಲ. (ಕೂಗಾಟ ನಡೆದಿದ್ದರೆ ಒಂದು ಮಾತು: ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸರಿಗೆ ದೂರು ಕೊಡಬಹುದು.)

ಹುಟ್ಟಿನಿಂದ ಬಂದ ಪಾಲೂ ಇದೆ. ಆದರೆ ‘ಖಿನ್ನತೆಯ ಜೀನ್’ ಎಂಬ ಸುದ್ದಿಯನ್ನು ನಂಬಬೇಡಿ. 2003ರಲ್ಲಿ ಅಂಥ ಒಂದು ಜೀನ್ ಬಗ್ಗೆ ದೊಡ್ಡ ಸದ್ದಾಯಿತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯ ಮೇಲೆ ಒರೆಗೆ ಹಚ್ಚಿದಾಗ ಅದು ನಿಲ್ಲಲಿಲ್ಲ. ಇನ್ನೊಂದು ಸಂಗತಿ ಹೆಚ್ಚು ಉಪಯೋಗದ್ದು. ಮೊದಲ ಸಲದ ಖಿನ್ನತೆಯ ಹಿಂದೆ ದೊಡ್ಡ ಪೆಟ್ಟು ಇರುವುದು ಸಾಮಾನ್ಯ. ಮೂರನೇ, ನಾಲ್ಕನೇ ಸಲಕ್ಕೆ ಚಿಕ್ಕ ಏಟೇ ಸಾಕಾಗಬಹುದು, ಕೆಲವೊಮ್ಮೆ ಅದೂ ಬೇಕಿಲ್ಲ. ಅವರಿಗೆ ಹಿಂದೆ ಎಂದಾದರೂ ಹೀಗಾಗಿತ್ತೇ ಎಂದು ಅತ್ತೆಯವರನ್ನೇ ಕೇಳಿ, ವೈದ್ಯರಿಗೆ ಅದು ಬೇಕಾಗುತ್ತದೆ.

ಇನ್ನು, ಕಾಯಿಲೆಯೇ ಎಂಬ ಪ್ರಶ್ನೆ. ಕಾರಣ ಗೊತ್ತಿದೆ ಎಂದಾಕ್ಷಣ ಕಾಯಿಲೆ ಅಲ್ಲವೆಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡವನನ್ನು ‘ಬಿದ್ದನಲ್ಲ, ಅದಕ್ಕೇ ನೋವು’ ಎಂದು ಯಾರೂ ಮನೆಯಲ್ಲಿ ಮಲಗಿಸುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ ಕೆಟ್ಟು ಕೆಲಸ ನಿಂತುಹೋಗುವುದು: ವೈದ್ಯರು ನೋಡುವುದು ಇವನ್ನೇ. ನೀವು ಬರೆದದ್ದರಲ್ಲಿ ಇವುಗಳಲ್ಲಿ ಹಲವು ಇವೆ. ಬೆಳಗಿನ ಜಾವದ ಎಚ್ಚರವಂತೂ ಈ ಕಾಯಿಲೆಯ ಹಳೆಯ ಗುರುತು.

ತಲೆಭಾರದ ವಿಷಯವನ್ನೂ ಹೇಳಿಬಿಡುತ್ತೇನೆ. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ನೋವು ಹೇಳಿಕೊಂಡವರಿಗೆ ಕಳಂಕದ ಭಯ ಹೆಚ್ಚಿತ್ತು, ಮೈಕೈ ನೋವು ಹೇಳಿಕೊಂಡವರಿಗೆ ಕಡಿಮೆ. ತಲೆನೋವಿದ್ದರೆ ಮಗಳ ಸಂಬಂಧ ಮುರಿಯುವುದಿಲ್ಲವಲ್ಲ! ಹೀಗಾಗಿ ಮನೆಯವರು ತಲೆಭಾರ ಎಂದರೆ ಅದು ನಾಟಕವಲ್ಲ. ಬಾಯಿಬಿಟ್ಟು ಹೇಳಲು ಅವರಿಗೆ ಸಿಕ್ಕ ಮರ್ಯಾದೆಯ ಮಾತು ಅದು.

ಈಗ ಆ ‘ಆಪ್ತರು’ ಎಂಬ ಮಾತಿಗೆ ಮರಳೋಣ. ಹ್ಯಾರಿಸ್ ಮತ್ತು ಬ್ರೌನ್ ಅದನ್ನು ಪರೀಕ್ಷೆಗೇ ಇಟ್ಟರು. ದೀರ್ಘಕಾಲದ ಖಿನ್ನತೆಯಿದ್ದ ಲಂಡನ್ನಿನ ಹೆಂಗಸರಿಗೆ ಒಬ್ಬೊಬ್ಬ ಸ್ವಯಂಸೇವಕಿಯನ್ನು ಗೆಳತಿಯಾಗಿ ಜೊತೆಮಾಡಿದರು. ವಾರಕ್ಕೊಮ್ಮೆ ಭೇಟಿ, ಕಾಫಿ, ಮಾತು, ಕೆಲವೊಮ್ಮೆ ಹೊರಗೆ ಒಂದು ಸುತ್ತು. 1999ರ ವರದಿಯಂತೆ ವರ್ಷದ ಕೊನೆಗೆ ಗೆಳತಿ ಸಿಕ್ಕವರಲ್ಲಿ ಶೇ 65 ಮಂದಿ ಚೇತರಿಸಿಕೊಂಡಿದ್ದರು, ಗೆಳತಿ ಸಿಗದೆ ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ 39. ಜಿಂಬಾಬ್ವೆಯಲ್ಲಿ ಖಿನ್ನತೆಯನ್ನು ಜನ ‘ಅತಿಯಾಗಿ ಯೋಚಿಸುವುದು’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ, ನಮ್ಮವರು ‘ಯೋಚನೆ ಹಚ್ಚಿಕೊಂಡಿದ್ದಾನೆ’ ಎನ್ನುವಂತೆ. ಅಲ್ಲಿ ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯ ಆವರಣದ ಮರದ ಬೆಂಚಿನ ಮೇಲೆ ಕುಳಿತು, ಇರುವ ತೊಂದರೆಗಳಲ್ಲಿ ಒಂದನ್ನು ಆರಿಸಿ ಬಗೆಹರಿಸುವುದನ್ನು ಕಲಿಸುತ್ತಾರೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದಕ್ಕೆ ಒಳ್ಳೆಯ ಫಲ ಕಂಡಿತು. ಗೋವಾದಲ್ಲೂ ವೈದ್ಯರಲ್ಲದ ಸಲಹೆಗಾರರಿಂದ ಇಂಥದೇ ಕೆಲಸ ನಡೆದಿದೆ. ಇದನ್ನು ಕೇಳಿ ಮಾತ್ರೆ ಬೇಡವೆಂದುಕೊಳ್ಳಬೇಡಿ. ನಿಮ್ಮ ಮನೆಯವರಷ್ಟು ಕುಗ್ಗಿದವರಿಗೆ ಅದೂ ಬೇಕಾಗಬಹುದು. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹತ್ತು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ.

ನಿಮ್ಮದೊಂದೇ ಮನೆಯಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ, ಕಾಯಿಲೆ ಇರುವವರಲ್ಲಿ ಸುಮಾರು ಶೇ 85 ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ. ಆ ಸಮೀಕ್ಷೆಯ ಮೊದಲ ಪ್ರಾಯೋಗಿಕ ಹಂತ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ದೂರವೆನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಮಾಡಲಾಗಿದೆ. ಯಾವ ಮಂಗಳವಾರ ಬರುತ್ತಾರೆ ಎಂದು ಮೊದಲೇ ವಿಚಾರಿಸಿ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಟೆಲಿಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಇವತ್ತೇ ಮಾಡಬೇಕಾದ ಕೆಲಸ ಎರಡು. ‘ಸಾಯಬೇಕು ಎನಿಸುತ್ತಿದೆಯೇ’ ಎಂದು ಅವರನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಮಂಗಳವಾರಕ್ಕೆ ಕಾಯಬೇಡಿ, ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೊಮೆಟೊಗೆ ಹೊಡೆಯಲು ತಂದು ಉಳಿದ ಕೀಟನಾಶಕದ ಡಬ್ಬಿಗಳನ್ನು, ಅರ್ಧ ಖಾಲಿಯಾದವುಗಳನ್ನೂ ಸೇರಿಸಿ, ಈ ದಿನವೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ.

ಆಸ್ಪತ್ರೆಗೆ ಮೈದುನನೇ ಜೊತೆಗೆ ಹೋಗಲಿ. ಆ ಬೆಳೆಯಲ್ಲಿ ಹೋದದ್ದೇನು ಎಂಬುದು ಅಣ್ಣ ಬಾಯಿ ಬಿಡದೆಯೂ ಗೊತ್ತಿರುವವನು ಅವನು. ಮುಂದಿನ ಭೇಟಿ ಯಾವತ್ತು ಎಂದು ವೈದ್ಯರನ್ನು ಕೇಳಿ ಬರೆಸಿಕೊಂಡೇ ಇಬ್ಬರೂ ಬಸ್ಸು ಹತ್ತಲಿ.