ಗಿರಾಕಿಗೆ ಬಾಯಿ ಕೊಟ್ಟ ಅಂಗಡಿ: ಕೊಡಗಿನ ಸರಕು ಆನ್‌ಲೈನ್‌ಗೆ ಬಂದ ಹಾದಿ

ಕೊಡಗಿನ ಜೇನುತುಪ್ಪದ ಬಾಟಲಿಯೊಂದು ಡಿಸೆಂಬರ್ ಚಳಿಯಲ್ಲಿ ಬೆಂಗಳೂರು ತಲುಪುತ್ತದೆ. ತಳದಲ್ಲಿ ಹರಳುಗಟ್ಟಿದೆ. ‘ಸಕ್ಕರೆ ಬೆರೆಸಿದ್ದಾರೆ’ ಎಂದು ಬರೆದು ಗಿರಾಕಿ ಒಂದು ಸ್ಟಾರ್ ಒತ್ತುತ್ತಾರೆ. ಗ್ಲೂಕೋಸ್ ಹೆಚ್ಚಿರುವ ಜೇನು ತಂಪಿಗೆ ಹರಳುಗಟ್ಟುವುದು ಸಹಜ. ಬಾಟಲಿಯನ್ನು 40 ಡಿಗ್ರಿಯಷ್ಟು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ. ಅದು ಬೆರಕೆಗೂ ಸಾಕ್ಷಿಯಲ್ಲ, ಅಪ್ಪಟತನಕ್ಕೂ ಅಲ್ಲ. ಮಡಿಕೇರಿಯ ಅಂಗಡಿಯಲ್ಲಿ ಎದುರೆದುರು ನಿಂತಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು. ಉತ್ತರ ಕೊಡಲು ಜಾಗವಿಲ್ಲದ ವೆಬ್‌ಸೈಟಿನಲ್ಲಿ ಆ ಒಂದು ಸ್ಟಾರ್ ವರ್ಷಗಟ್ಟಲೆ ಉಳಿಯುತ್ತದೆ.

ಬೆಳೆದವರಿಗೂ ಕೊಂಡವರಿಗೂ ಮಾತೇ ಇಲ್ಲದ ಕಾಲವೂ ಇತ್ತು. 1942ರ ಕಾಯ್ದೆಯಡಿ ಬೆಳೆಗಾರರ ಕಾಫಿ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಎಲ್ಲರದೂ ಒಟ್ಟಾದ ಮೇಲೆ ಯಾವ ತೋಟದ್ದೆಂಬ ಗುರುತು ಉಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಕಟ್ಟುಪಾಡು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರು ತಮಗಿಷ್ಟ ಬಂದವರಿಗೆ ಮಾರುವಂತಾಯಿತು. ಸರಿಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಅಮೆಜಾನ್ ಪುಸ್ತಕಗಳ ಕೆಳಗೆ ಓದುಗರ ಅಭಿಪ್ರಾಯ ಬರೆಸತೊಡಗಿತ್ತು. ಇಬೇ ಎಂಬ ಆನ್‌ಲೈನ್ ಹರಾಜುಕಟ್ಟೆಯಲ್ಲಿ ಮಾರುವವರೂ ಕೊಳ್ಳುವವರೂ ಪರಸ್ಪರ ಅಂಕ ಕೊಡುತ್ತಿದ್ದರು. ನಮ್ಮಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಬಂತು.

ಕೊಡಗಿನ ಸಣ್ಣ ಮಾರಾಟಗಾರರಿಗೆ ಮೊದಲ ಆನ್‌ಲೈನ್ ಜಗಲಿ ಸಿಕ್ಕಿದ್ದು ವಾಟ್ಸಾಪ್ ಗುಂಪಿನಲ್ಲಿ. ಹೋಂಸ್ಟೇಗೆ ಬಂದುಹೋದವರು ಊರಿಗೆ ಮರಳಿ ‘ಇನ್ನೊಂದು ಕೆಜಿ ಪುಡಿ ಕಳಿಸಿ’ ಎಂದರೆ ಅಲ್ಲೇ ಆರ್ಡರ್, ಅಲ್ಲೇ ಮಾತುಕತೆ. ಆದರೆ ಗುಂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಮಾರ್ಚ್‌ನಲ್ಲಿ ಕೊಟ್ಟ ಉತ್ತರ ಜೂನ್‌ಗೆ ಶುಭೋದಯದ ಚಿತ್ರಗಳಡಿ ಹೂತುಹೋಗಿರುತ್ತದೆ.

ಹಾಗಾಗಿ ಸ್ವಂತ ವೆಬ್‌ಸೈಟ್. ಇಲ್ಲಿ ಹೆಚ್ಚಿನವರು ಎಡವುವುದು ಮೊದಲ ದಿನವೇ. ಕಾಫಿ ಮಾಡುವ ವಿಧಾನಕ್ಕೊಂದು, ಅಡುಗೆಗೊಂದು, ತೋಟದ ಸುದ್ದಿಗೊಂದು ಎಂದು ಹತ್ತಾರು ಚರ್ಚಾಕೋಣೆ ತೆರೆದುಬಿಡುತ್ತಾರೆ. ಬಂದವರಿಗೆ ಕಾಣುವುದು ಖಾಲಿ ಕೋಣೆ. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ. ಪ್ರತಿ ಸರಕಿನ ಕೆಳಗೆ ಒಂದು ಪ್ರಶ್ನೆಯ ಪೆಟ್ಟಿಗೆ ಇಟ್ಟು, ಒಂದು ದಿನದೊಳಗೆ ಉತ್ತರಿಸುವ ಒಬ್ಬರನ್ನು ಗೊತ್ತು ಮಾಡಿದರೆ ಮೊದಲ ವರ್ಷಕ್ಕೆ ಸಾಕು.

ರಿವ್ಯೂ ಮಾತ್ರ ಆರ್ಡರ್‌ಗೆ ಅಂಟಿಕೊಂಡಿರಬೇಕು. ಡೇಟಾಬೇಸ್‌ನಲ್ಲಿ ರಿವ್ಯೂ ಜೊತೆ ಆರ್ಡರ್ ಸಂಖ್ಯೆ, ಬ್ಯಾಚ್ ಸಂಖ್ಯೆ ಎರಡೂ ಇರಲಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಶುರು. ಹೋದ ವರ್ಷದ ಫಸಲಿಗೆ ಬಂದ ಹೊಗಳಿಕೆ ಈ ವರ್ಷದ ಪುಡಿಯ ಕೆಳಗೆ ಕುಳಿತರೆ ಅದೂ ಒಂದು ಬಗೆಯ ಬೆರಕೆಯೇ. 250 ಗ್ರಾಂ, 500 ಗ್ರಾಂ ಪ್ಯಾಕೆಟ್‌ಗಳ ರಿವ್ಯೂ ಒಟ್ಟಿಗಿರಲಿ, ತೊಂದರೆಯಿಲ್ಲ. ಚಿಕೋರಿ ಬೆರೆಸಿದ್ದನ್ನೂ ಬೆರೆಸದ್ದನ್ನೂ ಒಂದೇ ಪಟ್ಟಿಗೆ ಹಾಕಬೇಡಿ.

ಅಭಿಪ್ರಾಯ ಕೇಳುವ ಸಂದೇಶವನ್ನು ಪಾರ್ಸೆಲ್ ಹೊರಟ ದಿನವೇ ಕಳಿಸಿದರೆ ಬರುವುದು ಡಬ್ಬಿಯ ಬಗ್ಗೆ ಮಾತು. ಕಾಫಿಗೆ ತಲುಪಿ ಹತ್ತು ದಿನ ಬಿಡಿ. ಹಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಗೆ ತಿಂಗಳಾದರೂ ಬೇಕು, ಹಂದಿ ಕರಿಯನ್ನು ಯಾರೂ ದಿನಾ ಮಾಡುವುದಿಲ್ಲ. ಸರಕು ಹೇಗಿತ್ತು, ಪಾರ್ಸೆಲ್ ಹೇಗೆ ಬಂತು ಎಂದು ಎರಡು ಪ್ರಶ್ನೆ ಬೇರೆಬೇರೆ ಕೇಳಬೇಕು. ಮಳೆಗಾಲದಲ್ಲಿ ರಸ್ತೆಗೆ ಗುಡ್ಡ ಕುಸಿದು ನಾಲ್ಕು ದಿನ ತಡವಾದರೆ ಆ ಸಿಟ್ಟು ಕರಿಮೆಣಸಿನ ತಲೆಗೆ ಬೀಳಬಾರದು.

ಸರಾಸರಿಯಲ್ಲೂ ಒಂದು ಬಲೆ ಇದೆ. ಇಬ್ಬರೇ ಐದೈದು ಸ್ಟಾರ್ ಕೊಟ್ಟ ಸರಕು, 200 ಜನ ಸರಾಸರಿ 4.6 ಕೊಟ್ಟದ್ದನ್ನು ಹಿಂದಿಕ್ಕಿ ಮೇಲೆ ಕೂರುತ್ತದೆ. ಸಾಲಿನಲ್ಲಿ ಯಾವುದು ಮೊದಲು ಎಂದು ನಿರ್ಧರಿಸುವಾಗ ಪ್ರತಿ ಸರಕಿಗೂ 4 ಸ್ಟಾರ್‌ನ 10 ಕಾಲ್ಪನಿಕ ಮತ ಸೇರಿಸಿ: ಮೊದಲನೆಯದು 50ನ್ನು 12ರಿಂದ ಭಾಗಿಸಿ 4.17, ಎರಡನೆಯದು 960ನ್ನು 210ರಿಂದ ಭಾಗಿಸಿ 4.57. ಗಿರಾಕಿಗೆ ತೋರಿಸುವುದು ಮಾತ್ರ ನಿಜವಾದ ಸರಾಸರಿ ಮತ್ತು ಮತಗಳ ಸಂಖ್ಯೆ.

ಕಾನೂನು ಆಮೇಲೆ ಬಂತು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರುವವರೇ ಗಿರಾಕಿಯ ವೇಷದಲ್ಲಿ ರಿವ್ಯೂ ಬರೆಯುವಂತಿಲ್ಲ; ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ ತಿಂಗಳೊಳಗೆ ಬಗೆಹರಿಸಬೇಕು. ಆನ್‌ಲೈನ್ ರಿವ್ಯೂಗಳಿಗೆಂದೇ 2022ರಲ್ಲಿ ಐಎಸ್ 19000 ಮಾನದಂಡ ಬಂತು. ಕೆಟ್ಟ ರಿವ್ಯೂ ಅಳಿಸಬೇಡಿ, ಅದರ ಕೆಳಗೇ ಉತ್ತರ ಬರೆಯಿರಿ. ಜೇನಿನ ಹರಳಿನ ಪ್ರಶ್ನೆ ಮೂರನೆಯ ಸಲ ಬಂದರೆ ಉತ್ತರವನ್ನು ಸರಕಿನ ವಿವರಕ್ಕೇ ಏರಿಸಿ, ಡಬ್ಬಿಯೊಳಗೂ ಒಂದು ಚೀಟಿ ಹಾಕಿ.

ಇಷ್ಟಾದರೂ ಅದೇ ಪ್ರಶ್ನೆ ನಾಲ್ಕನೆಯ ಸಲ ಬರುವುದುಂಟು. ಕಾರಣ ಹೆಚ್ಚಾಗಿ ಹುಡುಕುವ ಪೆಟ್ಟಿಗೆ: ಇರುವ ಉತ್ತರ ಅದಕ್ಕೆ ಸಿಗುವುದಿಲ್ಲ. ‘ಕೊಡಗು’ ಎಂಬ ಪದವನ್ನೇ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ; ಕಂಪ್ಯೂಟರಿಗೆ ಒಂದು ಐದು ಚಿಹ್ನೆಯ ಪದ, ಇನ್ನೊಂದು ಆರರದು. ಬರಹ ಉಳಿಸುವಾಗಲೂ ಹುಡುಕುವಾಗಲೂ ಎರಡನ್ನೂ ಒಡೆದ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಒಂದೇ ಎಂದು ತಿಳಿಸುವ ಪಟ್ಟಿಯನ್ನು ಮಾತ್ರ ಕೈಯಾರೆ ಕೂತು ಮಾಡಬೇಕು. ಗಿರಾಕಿಗಳು ಹುಡುಕಿ ಸಿಗದೆ ಹೋದ ಪದಗಳನ್ನು ವಾರಕ್ಕೊಮ್ಮೆ ನೋಡಿದರೆ ಆ ಪಟ್ಟಿ ತಾನಾಗಿ ಬೆಳೆಯುತ್ತದೆ.